ಎಮ್ಮೆಗೆ ಹೇಳಿದ ಮಾತು

"ಅಲ್ಲಿ ಎತ್ತಬ್ಯಾಡ ಅಂತ ಹೇಳೇ. ಆ ಮೂಲೆ ಭಾರ ತಡಿಯಾಕಿಲ್ಲ," ಎಂದ ಜವರಣ್ಣ, ಎಮ್ಮೆಗೆ.

ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಅಂಗಳದ ಮೂಲೆಯಲ್ಲಿ ಪಿಕಪ್ಪಿನ ಪಕ್ಕ ಮೊಣಕಾಲೂರಿ ಕೂತಿದ್ದ ಮಗ ಬೀರೇಶನೂ ತಲೆ ಎತ್ತಲಿಲ್ಲ. ಅವನಿಗೆ ಕೇಳಿಸಿತ್ತು. ಕೇಳಿಸಲೆಂದೇ ಹೇಳಿದ್ದು ಅದು. ಕೊಟ್ಟಿಗೆಗೂ ಪಿಕಪ್ಪಿಗೂ ನಡುವೆ ಹದಿನೈದು ಅಡಿ ಇದ್ದರೆ ಹೆಚ್ಚು, ಜವರಣ್ಣನ ಗಂಟಲೋ ಆಚೆ ಬೀದಿಗೂ ಮುಟ್ಟುವಂಥದ್ದು. ಬೀರೇಶ ಹಲ್ಲು ಕಡಿದುಕೊಂಡು ಗಾಡಿ ಎತ್ತುವ ಲಿಫ್ಟಿನ ಉದ್ದನೆಯ ಕಬ್ಬಿಣದ ಚೌಕಟ್ಟನ್ನು ಗಾಡಿಯ ಅಡಿಗೆ ಇನ್ನಷ್ಟು ತಳ್ಳಿದ.

ಅಪ್ಪ ಮಗನ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ಕೆಂಪಲಕ್ಷ್ಮಮ್ಮ ತೀರಿಕೊಂಡ ದಿನ ಬೀರೇಶ ತಾಯಿಯ ಮಣ್ಣಿಗೆ ಬರಲಿಲ್ಲ. ತೆಂಗಿನಕಾಯಿ ಲೋಡು ಇಳಿಸಲು ಅರಸೀಕೆರೆಗೆ ಹೋಗಿದ್ದವನ ಗಾಡಿ ಅಲ್ಲೇ ಕೆಟ್ಟಿತ್ತು. ಗ್ಯಾರೇಜಿನಲ್ಲಿದ್ದ ಒಂದೇ ಒಂದು ಲಿಫ್ಟಿನ ಮೇಲೆ ಯಾರದೋ ಕಾರು ಕೂತಿತ್ತು. ಅದು ಇಳಿಯುವ ತನಕ ಕಾದು, ರಿಪೇರಿ ಮಾಡಿಸಿಕೊಂಡು ಅವನು ಮಾದಿಹಳ್ಳಿ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹೊಲದ ಬದಿಯಲ್ಲಿ ಹಸಿಮಣ್ಣಿನ ಗುಡ್ಡೆಯೊಂದೇ ಉಳಿದಿತ್ತು. ಹೆತ್ತ ಮಗ ಮಾಡಬೇಕಾದ್ದನ್ನೆಲ್ಲ ಅಳಿಯ ನಟರಾಜ ಮಾಡಿ ಮುಗಿಸಿದ್ದ. ಜವರಣ್ಣ ಅಷ್ಟೂ ನೆಂಟರ ಎದುರಿಗೆ, "ಇವತ್ತಿಂದ ಇವನ ಹೆಸರು ನನ್ನ ಬಾಯಲ್ಲಿ ಬಂದ್ರೆ ನನ್ನ ನಾಲ್ಗೆ ಬಿದ್ದೋಗ್ಲಿ," ಎಂದುಬಿಟ್ಟ. ಆಡಿದ ಮಾತಿನಂತೆ ನಡೆದುಕೊಳ್ಳುವ ಒಣ ಜಂಬ ಆ ಮನೆಯ ಗಂಡಸರಿಗೆಲ್ಲ ಇತ್ತು. ನಡೆದುಕೊಂಡ.

ಒಂದೇ ಸೂರು, ಒಂದೇ ಒಲೆ. ಮಾತು ಮಾತ್ರ ಸೊಸೆ ನಂದಿತಾಳ ಮೂಲಕ. "ಹೇಳಮ್ಮ ಅವಂಗೆ, ಮೋಟ್ರು ಸುಟ್ಟೋಗೈತೆ ಅಂತ." "ಹೇಳೇ ಅವರಿಗೆ, ನಾಳೆ ರಿಪೇರಿ ಮಾಡಿಸ್ತೀನಿ ಅಂತ." ಇಬ್ಬರೂ ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತಿರುತ್ತಿದ್ದರು, ಆಕೆ ನಡುವೆ ನಿಂತು ಬೈಗುಳವನ್ನು ಸೋಸಿ ಉಳಿದದ್ದನ್ನು ದಾಟಿಸಬೇಕು. ಈ ಕರ್ಮಕ್ಕೆ ನನ್ನನ್ನು ಕೊಟ್ಟರಲ್ಲ ಎಂದು ಅವಳು ತವರಿನವರನ್ನು ಬೈದುಕೊಳ್ಳದ ದಿನವಿಲ್ಲ. ನಂದಿತಾ ಮನೆಯಲ್ಲಿ ಇಲ್ಲದಾಗ ಜವರಣ್ಣ ಎಮ್ಮೆಗೆ ಹೇಳುತ್ತಿದ್ದ, ಬೀರೇಶ ಪಿಕಪ್ಪಿಗೆ ಹೇಳುತ್ತಿದ್ದ. ಮೊದಮೊದಲು ಪಕ್ಕದ ಮನೆಯ ಗಿಡ್ಡಯ್ಯ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದ. ಈಗ ಅವನಿಗೂ ನಗು ಬರುತ್ತಿರಲಿಲ್ಲ.

ಲಿಫ್ಟು ಮನೆಗೆ ಬಂದು ಮೂರು ವಾರವಾಗಿತ್ತು. ಹಾಸನದಲ್ಲಿ ಬಾಗಿಲು ಹಾಕಿದ ಗ್ಯಾರೇಜೊಂದರಿಂದ ಬೀರೇಶ ಅದನ್ನು ತಂದಿದ್ದ. ಗಾಡಿಯ ಎರಡು ಮಗ್ಗುಲಿಗೆ ಎರಡು ಚೌಕಟ್ಟು, ಅವಕ್ಕೆ ಎಣ್ಣೆಯ ಪೈಪು, ಪೈಪುಗಳ ತುದಿಗೆ ಚಕ್ರದ ಮೇಲೆ ನಿಂತ ಪುಟ್ಟ ಮೋಟರು. ಗುಂಡಿ ಒತ್ತಿದರೆ ಇಡೀ ಪಿಕಪ್ಪು ಸೊಂಟದೆತ್ತರಕ್ಕೆ ಏಳುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಿದರಾಯಿತು. ಇನ್ನು ಈ ಜನ್ಮದಲ್ಲಿ ಯಾವ ಗ್ಯಾರೇಜಿನ ಮುಂದೆಯೂ ಕೈಕಟ್ಟಿ ಕೂರುವುದಿಲ್ಲ ಎಂದು ಬೀರೇಶ ಹೆಂಡತಿಗೆ ಹೇಳಿದ್ದ. ಯಾಕೆಂದು ಆಕೆ ಕೇಳಲಿಲ್ಲ. ಜವರಣ್ಣನಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾವುದಕ್ಕಾಗಿ ಕಾಯುತ್ತ ಕೂತು ಹೆತ್ತವ್ವನ ಮುಖ ನೋಡಲಿಲ್ಲವೋ ಅದನ್ನೇ ಹೊತ್ತು ತಂದು ಅಂಗಳದಲ್ಲಿ ಇಟ್ಟಿದ್ದಾನಲ್ಲ, ಇವನಿಗೆ ಮಾನ ಇದೆಯೇ? ಇದನ್ನೂ ಅವನು ಎಮ್ಮೆಗೆ ನಾಲ್ಕಾರು ಸಲ ಹೇಳಿದ್ದ.

ಆದರೆ ಈ ಹೊತ್ತು ಹೇಳಿದ್ದು ಹೊಟ್ಟೆಯುರಿಯ ಮಾತಲ್ಲ. ಆ ಮೂಲೆಯ ಗುಟ್ಟು ಗೊತ್ತಿದ್ದದ್ದು ಜವರಣ್ಣನೊಬ್ಬನಿಗೇ.

ಅಂಗಳದಲ್ಲಿ ಹಿಂದೆ ಹಗೇವು ಇದ್ದದ್ದು ಬೀರೇಶನಿಗೂ ಗೊತ್ತಿತ್ತು. ನೆಲದೊಳಗೆ ಆಳುದ್ದ ತೋಡಿ, ಒಳಗೆ ಗುಡಾಣದ ಹಾಗೆ ಅಗಲ ಮಾಡಿ, ರಾಗಿ ತುಂಬಿ ಬಾಯಿಗೆ ಚಪ್ಪಡಿ ಎಳೆದರೆ ಎಷ್ಟು ವರ್ಷವಾದರೂ ಹುಳ ಬೀಳದು. ಹೋದ ವರ್ಷ ಅಂಗಳಕ್ಕೆ ಕಾಂಕ್ರೀಟು ಹಾಕಿಸುವಾಗ ಅವನು ಅದಕ್ಕೆ ಎರಡು ಟ್ರ್ಯಾಕ್ಟರ್ ಕಲ್ಲುಮಣ್ಣು ಸುರಿಸಿ, ತಾನೇ ನಿಂತು ತುಳಿಸಿದ್ದ. ಇದ್ದದ್ದು ಮಾತ್ರ ಒಂದಲ್ಲ, ಎರಡು. ಸರ್ಕಾರದವರು ಲೆವಿ ಎಂದು ಮನೆಮನೆಗೆ ನುಗ್ಗಿ ರಾಗಿ ಅಳೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಜವರಣ್ಣನ ತಾತ ಮೂಲೆಯಲ್ಲಿ ಇನ್ನೊಂದನ್ನು ಕದ್ದು ತೋಡಿಸಿದ್ದ. ಚಪ್ಪಡಿಯ ಮೇಲೆ ಗೇಣುದ್ದ ಮಣ್ಣೆಳೆದು, ಮಣ್ಣಿನ ಮೇಲೆ ರಾಗಿಹುಲ್ಲಿನ ಮೆದೆ ಒಟ್ಟಿಸಿದ್ದ. ಮನೆಯ ಹೆಂಗಸರಿಗೂ ಬಾಯಿ ಬಿಡದ ಗುಟ್ಟು ಅದು. ಕಾಂಕ್ರೀಟು ಹಾಕಿಸುವಾಗ ಜವರಣ್ಣ ಮಗಳು ರಮಾಳ ಮನೆಯಲ್ಲಿದ್ದ. ತಿರುಗಿ ಬಂದು ನೋಡಿದರೆ ಅಂಗಳ ಮೂಲೆತನಕ ಬೆಳ್ಳಗೆ ಸಾಪಾಗಿತ್ತು. ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವನಿಗೆ ರೇಗಿಹೋಯಿತು. ಕೇಳದವನಿಗೆ ತಾನಾಗಿ ಯಾಕೆ ಹೇಳಬೇಕು? ಮೆದೆ ಮತ್ತೆ ಅಲ್ಲಿಗೇ ಬಂದು ಕೂತದ್ದರಿಂದ, ಹುಲ್ಲಿನ ಭಾರಕ್ಕೆ ಏನಾದೀತು ಎಂದು ಸುಮ್ಮನಾಗಿಬಿಟ್ಟ.

ಈ ಸಲ ಮೆದೆ ಕರಗಿ ಮೂಲೆ ಖಾಲಿಯಾಗಿತ್ತು. ಗೇಟಿನ ಕಡೆ ನಂದಿತಾ ಟಾರ್ಪಾಲು ಹಾಸಿ ರಾಗಿ ಹರವಿದ್ದಳು. ಹಾಗಾಗಿ ಬೀರೇಶ ಗಾಡಿಯನ್ನು ಹಿಂದಕ್ಕೆ ತೆಗೆದು ಸೀದಾ ಮೂಲೆಯಲ್ಲಿ ನಿಲ್ಲಿಸಿದ್ದ. ನಂದಿತಾ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದವಳು ಇನ್ನೂ ಬಂದಿರಲಿಲ್ಲ.

"ಹಗೇವು ಐತೆ ಕಣೇ ಅಲ್ಲಿ," ಎಂದ ಜವರಣ್ಣ ಎಮ್ಮೆಗೆ, ಈ ಸಲ ಇನ್ನೂ ಗಟ್ಟಿಯಾಗಿ.

ಬೀರೇಶ ಪಿಕಪ್ಪಿನ ಬಾಗಿಲಿಗೆ ಅಂಗೈಯಿಂದ ಒಂದು ಬಡಿದ. "ಕೇಳುಸ್ತಾ? ಹಗೇವಂತೆ. ಹಗೇವು ಇದ್ದುದ್ದು ಗೇಟ್ ಕಡೆ. ಎರಡು ಟ್ಯಾಕ್ಟ್ರು ಕಲ್ಲುಮಣ್ಣು ತುಂಬ್ಸಿ ವರ್ಷ ಆಯ್ತು. ವಯಸ್ಸಾದ್ಮೇಲೆ ಕೆಲವರ್ಗೆ ದಿಕ್ಕೂ ಮರ್ತೋಗ್ತದೆ."

ಜವರಣ್ಣ ಸಗಣಿ ಗುದ್ದಲಿಯನ್ನು ನೆಲಕ್ಕೆ ಕುಕ್ಕಿದ. ದಿಕ್ಕು ಮರೆತವನು ತಾನಂತೆ! ತನ್ನ ತಾತ ಬೆವರು ಸುರಿಸಿದ ನೆಲದಲ್ಲಿ ನಿಂತು, ತನಗೇ ದಿಕ್ಕು ತೋರಿಸುತ್ತಿದ್ದಾನೆ. ಅದಲ್ಲ ಕಣೋ, ಇನ್ನೊಂದು ಇದೆ ಎನ್ನಬೇಕು. ಇನ್ನೊಂದು ಎಲ್ಲಿಂದ ಬಂತು ಎಂದು ಅವನು ಕೇಳಬೇಕು. ಲೆವಿ, ತಾತ, ಚಪ್ಪಡಿ ಎಲ್ಲ ಹೇಳಬೇಕು. ಇದೆಲ್ಲ ಎದುರಿಗೆ ನಿಂತು ಆಡುವ ಮಾತು. ಎಮ್ಮೆ ಮರುಪ್ರಶ್ನೆ ಕೇಳುವುದಿಲ್ಲ.

"ಹಾಳಾಗೋಗ್ಲಿ," ಎಂದ. ಅದು ಎಮ್ಮೆಗೂ ಹೇಳಿದ್ದಲ್ಲ. ಬೆನ್ನು ತಿರುಗಿಸಿ ಗಂಜಲದ ಕಾಲುವೆ ಕೆರೆಯತೊಡಗಿದ. ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಬಂದದ್ದು ನಿಜ. ಕುಸಿಯಲಿ. ಆ ದರಿದ್ರದ ಕಬ್ಬಿಣವೂ ಗಾಡಿಯೂ ಒಟ್ಟಿಗೆ ಒಳಗೆ ಹೋಗಲಿ. ಆಗ ಕೊಟ್ಟಿಗೆಯಿಂದ ನಿಧಾನಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಯಾರಿಗೆ ದಿಕ್ಕು ಮರೆತದ್ದು ಎಂದು ಎಮ್ಮೆಯನ್ನು ಕೇಳುವೆ. ಅಡಿಯಲ್ಲಿ ಮಗ ಇರುತ್ತಾನೆ ಎಂಬುದು ಆ ಯೋಚನೆಯೊಳಗೆ ಬರಲೇ ಇಲ್ಲ.

ಮೋಟರು ಗುಂಯ್ ಎಂದಿತು. ಪಿಕಪ್ಪು ಮೆಲ್ಲಗೆ ಎದ್ದಿತು. ಚಕ್ರಗಳು ನೆಲ ಬಿಟ್ಟವು. ಎರಡೂ ಕಡೆ ಲಾಕು ಟಕ್ ಟಕ್ ಎಂದು ಬಿದ್ದವು. ಬೀರೇಶ ಗಾಡಿಯನ್ನು ಹೆಗಲಿನಿಂದ ಅಲುಗಿಸಿ ನೋಡಿದ. ಬಂಡೆಯ ಹಾಗೆ ನಿಂತಿತ್ತು. ಅವನು ಯಾರಿಗೂ ಕಾಣದಂತೆ ನಕ್ಕ, ಆದರೆ ಕೊಟ್ಟಿಗೆಯ ಕಡೆಗೆ ತಿರುಗಿಯೇ ನಕ್ಕ. ಜವರಣ್ಣ ಕಂಡ. ಏನೂ ಆಗಲಿಲ್ಲವಲ್ಲ ಎಂದು ಅವನಿಗೆ ಮೊದಲು ಬೇಜಾರಾಯಿತು. ಆಮೇಲೆ, ತಾತನ ಕಾಲದ ಚಪ್ಪಡಿ ಎಂದರೆ ಸಾಮಾನ್ಯವೇ ಎಂದು ಒಂಥರಾ ಹೆಮ್ಮೆಯೂ ಆಯಿತು.

ಬೀರೇಶ ಗೋಣಿಚೀಲ ಹಾಸಿ, ಸ್ಪ್ಯಾನರು ಸುತ್ತಿಗೆ ಎಳೆದುಕೊಂಡು, ಅಂಗಾತ ಮಲಗಿ ಒಳಗೆ ಜಾರಿದ. ಮೊಣಕಾಲಿನಿಂದ ಕೆಳಗಷ್ಟೇ ಹೊರಗಿತ್ತು. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನಲ್ಲಿ ಕ್ರಾಸು ಎಂಬ ಕೀಲು ಸವೆದು, ಬೇಲೂರು ರಸ್ತೆಯುದ್ದಕ್ಕೂ ಟಕಟಕ ಅನ್ನುತ್ತಿತ್ತು. ಅದನ್ನು ಬಿಚ್ಚಲು ಅವನು ಸುತ್ತಿಗೆಯಲ್ಲಿ ಬಡಿಯತೊಡಗಿದ.

ಜವರಣ್ಣ ಆಗ ನೋಡಿದ. ಎಡಗಡೆಯ ಚೌಕಟ್ಟಿನ ಹಿಂದಿನ ಪಾದದಡಿಯಿಂದ ಕೂದಲೆಳೆಯಂಥ ಗೆರೆಯೊಂದು ಹೊರಟು ಕಾಂಪೌಂಡಿನ ಕಡೆಗೆ ಹೋಗಿತ್ತು. ಮೊದಲು ಅದು ಇರಲಿಲ್ಲ. ಪ್ರತಿ ಪೆಟ್ಟಿಗೂ ಆ ಪಾದ ಒಂದು ಚೂರು ಒಳಕ್ಕೆ ಕೂರುತ್ತಿತ್ತು. ನಾಲ್ಕು ಟೈರುಗಳ ಮೇಲೆ ಹರಡಿದ್ದ ಭಾರವೆಲ್ಲ ಈಗ ಅಂಗೈಯಗಲದ ಆ ಕಬ್ಬಿಣದ ಪಾದಗಳ ಮೇಲಿತ್ತು. ಎಲ್ಲೋ ಆಳದಲ್ಲಿ, ತೆಂಗಿನ ಚಿಪ್ಪು ಸೀಳಿದಂತೆ ಚಟ್ ಎಂದಿತು.

ಅವನು ಗೇಟಿನ ಕಡೆ ನೋಡಿದ. ನಂದಿತಾ ಇಲ್ಲ. ಬೀದಿಯಲ್ಲಿ ನರಪಿಳ್ಳೆಯಿಲ್ಲ. "ಗಿಡ್ಡಯ್ಯಾ!" ಎಂದು ಕೂಗಿದ. ಗಿಡ್ಡಯ್ಯನ ಮನೆಯ ಬಾಗಿಲಿಗೆ ಬೀಗವಿತ್ತು. ಗುದ್ದಲಿಯನ್ನು ಅಲ್ಲೇ ಬಿಸಾಡಿ ಅಂಗಳಕ್ಕೆ ಬಂದ.

"ಏಯ್!" ಎಂದ.

ಸುತ್ತಿಗೆ ನಿಲ್ಲಲಿಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಜವರಣ್ಣನ ಬಾಯಿಂದ ಹೊರಟ ಏಯ್ ಎಲ್ಲ ಎಮ್ಮೆಯದು.

"ಏಯ್, ಈಚೆಗ್ ಬಾ! ಬಾ ಅಂತೀನಿ!"

ಪಿಕಪ್ಪಿನ ಅಡಿಯಿಂದ ಬೀರೇಶನ ದನಿ ಬಂತು. "ಏ ಗಾಡಿ, ಎಮ್ಮೆ ಹಗ್ಗ ಕಿತ್ಕಂಡ್ ಹೋಗೈತೇನೋ ನೋಡು, ಅದನ್ನ ಕರೀತಾವ್ರೆ."

ಅಷ್ಟು ಹೊತ್ತಿಗೆ ಗೆರೆ ಬೆರಳು ತೂರುವಷ್ಟಾಗಿತ್ತು. ಜವರಣ್ಣ ಕೂಗಬೇಕಾದ ಹೆಸರು ನಾಲಿಗೆಯ ತನಕ ಬಂದು ಅಲ್ಲೇ ಕಚ್ಚಿಕೊಂಡಿತು. ಥೂ, ಎಂಥ ಹಾಳು ಸಿಟ್ಟು ಇದು, ಮಗ ಸಾಯುವಾಗಲೂ ಬಿಡದ ಸಿಟ್ಟು! ತನ್ನ ಮೇಲೆಯೇ ಅವನಿಗೆ ಅಸಹ್ಯ ಬಂತು.

"ಬೀರಾ!"

ಸುತ್ತಿಗೆ ನಿಂತಿತು. ಹೊರಗಿದ್ದ ಎರಡು ಕಾಲುಗಳು ಅಲುಗಲಿಲ್ಲ. ಬೀರೇಶ ಸ್ಪ್ಯಾನರನ್ನು ಎದೆಯ ಮೇಲೆ ಹಿಡಿದು ಹಾಗೇ ಮಲಗಿದ್ದ. ಕೇಳಿಸಿದ್ದು ನಿಜವೋ ಭ್ರಮೆಯೋ ಅವನಿಗೆ ತಿಳಿಯಲಿಲ್ಲ. ನಿಜವಾದರೂ ಒಂದು ಸಲ ಕರೆದ ಮಾತ್ರಕ್ಕೆ ನಾಯಿಯ ಹಾಗೆ ಓಡಿಬರುತ್ತಾನೆಂದುಕೊಂಡಿದ್ದಾನೆಯೇ? ಇನ್ನೊಂದು ಸಲ ಕರೆಯಲಿ ಎಂದು ಕಾದ. ಅಪ್ಪನ ಹಟ ಮಗನಿಗೆ ಒಂದು ತೂಕ ಹೆಚ್ಚೇ ಬಂದಿತ್ತು.

ಜವರಣ್ಣನಿಗೆ ತಲೆ ಕೆಟ್ಟುಹೋಯಿತು. ಹೆಸರು ಹಿಡಿದು ಕರೆದರೂ ಬರದವನಿಗೆ ಇನ್ನೇನು ಹೇಳುವುದು? ಬಾಯಿಗೆ ಬಂದದ್ದನ್ನು ಬೀದಿ ಅದುರುವಂತೆ ಅರಚಿದ.

"ಈಚೆಗ್ ಬಾರ್ಲಾ, ಬೋಳಿಮಗನೇ!"

ಗಾಡಿಯ ಅಡಿಯಿಂದ ಬೀರೇಶ ಹಾವಿನ ಹಾಗೆ ಸರಕ್ಕನೆ ಹೊರಬಂದ. ಎದ್ದಾಗ ಮುಖದ ತುಂಬ ಗ್ರೀಸು, ಕೈಯಲ್ಲಿ ಸ್ಪ್ಯಾನರು. ನಾಲ್ಕು ಹೆಜ್ಜೆಗೆ ಅಪ್ಪನ ಮುಖದ ಮುಂದೆ ನಿಂತಿದ್ದ.

"ಯಾರಿಗಂದೆ? ನಮ್ಮವ್ವಂಗಂದ್ಯಾ? ಸತ್ತೋಳ್ನ ಬೋಳಿ ಅಂತೀಯಾ? ಇನ್ನೊಂದ್ಸಲ ಅನ್ನು, ಇನ್ನೊಂದ್ಸಲ ಅಂದು ನೋಡು..."

ಅವನ ಬೆನ್ನ ಹಿಂದೆ ನೆಲ ಬಾಯಿ ಬಿಟ್ಟಿತು. ಸಪ್ಪಳ ಅಷ್ಟೇನೂ ದೊಡ್ಡದಾಗಿರಲಿಲ್ಲ. ಕಾಂಕ್ರೀಟಿನ ದೊಡ್ಡ ಚಕ್ಕೆಯೊಂದು ಮುರಿದು ಒಳಗೆ ಹೋಯಿತು, ಅದರ ಹಿಂದೆ ಲಿಫ್ಟಿನ ಎಡಗಡೆಯ ಚೌಕಟ್ಟು ಹೋಯಿತು. ಪಿಕಪ್ಪು ಸುಸ್ತಾದ ಎತ್ತಿನಂತೆ ಒಂದು ಮಗ್ಗುಲಿಗೆ ವಾಲಿ, ಬಲಗಡೆಯ ಚೌಕಟ್ಟನ್ನೂ ಒದ್ದು ಕೆಡವಿ, ಡಬ್ ಎಂದು ಕೂತಿತು. ಗೋಣಿಚೀಲ ಹಾಸಿದ್ದ ಜಾಗದಲ್ಲಿ ಈಗ ಶಾಫ್ಟು ನೆಲಕ್ಕೆ ಕಚ್ಚಿಕೊಂಡಿತ್ತು. ಬಿರುಕಿನಿಂದ ಹೊಟ್ಟಿನ ವಾಸನೆಯ ದೂಳೆದ್ದು ಇಬ್ಬರ ಕಣ್ಣಿಗೂ ತುಂಬಿತು.

ಬೀರೇಶ ತಿರುಗಿ ನೋಡಿದ. ಆಮೇಲೆ ಅಪ್ಪನನ್ನು ನೋಡಿದ. ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಾಲಿಗೆ ಬೀಳುತ್ತಿದ್ದರೇನೋ. ಅವನಿಗೆ ತಡೆಯಲಾರದಷ್ಟು ಕೋಪ ಬಂತು.

"ಗೊತ್ತಿತ್ತಾ? ಗೊತ್ತಿತ್ತಾ ನಿಂಗೆ?"

"ಹೇಳ್ದೆ ಕಣ್ಲಾ! ಎರಡು ಸಲ ಹೇಳ್ದೆ!"

"ಯಾರಿಗ್ ಹೇಳ್ದೆ? ಎಮ್ಮೆಗ್ ಹೇಳ್ದೆ! ನಾನು ಒಳಗೆ ಮಲಗಿದೀನಿ, ನೀನು ಎಮ್ಮೆಗ್ ಹೇಳ್ತೀಯಾ?"

"ನಿನ್ನ ಕಿವಿ ಏನಾಗಿತ್ತು? ಹಗೇವು ಐತೆ ಅಂದ್ರೆ ದಿಕ್ಕು ಮರ್ತೋಗೈತೆ ಅಂದೆ. ಇನ್ನೂ ಒಂದು ಐತೆ ಕಣಪ್ಪ, ನಮ್ಮ ತಾತ ತೋಡ್ಸಿದ್ದು, ಅಂತ ಯಾರಿಗ್ ಹೇಳ್ಬೇಕಿತ್ತು ನಾನು? ಕಾಂಕ್ರೀಟ್ ಹಾಕೋವಾಗ ಒಂದು ಮಾತು ಕೇಳುದ್ಯಾ ನನ್ನ?"

"ಕೇಳೋಕೆ ನೀನು ಬಾಯಿ ಮಡಗಿದ್ಯಾ?"

"ಬಾಯಿ ಮುಚ್ಚುಸ್ದೋನು ಯಾರು? ಹೆತ್ತವ್ವನ್ ಮಣ್ಣಿಗ್ ಬರ್ದೋನು ಯಾರು?"

ಎರಡು ವರ್ಷ ಸೊಸೆ ಸೋಸಿ ಬಿಸಾಡಿದ್ದೆಲ್ಲ ಒಟ್ಟಿಗೆ ಹೊರಬರತೊಡಗಿತು. ಜವರಣ್ಣನ ಉಗುಳು ಬೀರೇಶನ ಮುಖಕ್ಕೆ ಸಿಡಿಯುತ್ತಿತ್ತು. ಬೀರೇಶ ಒರೆಸಿಕೊಳ್ಳಲಿಲ್ಲ. ಅಪ್ಪನ ಅಂಗಿಯ ಎದೆಭಾಗವನ್ನು ಗ್ರೀಸಿನ ಕೈಯಲ್ಲಿ ಹಿಡಿದುಕೊಂಡಿದ್ದ. ಹೊಡೆಯಲಿಕ್ಕೋ ಬೀಳದಿರಲಿಕ್ಕೋ ಅವನಿಗೇ ಗೊತ್ತಿರಲಿಲ್ಲ.

"ಬರ್ದಂಗ್ ಮಾಡ್ದೋನು ನೀನು!" ಎಂದ. "ಅವತ್ತು ಫೋನ್‌ನಾಗೆ ಏನಂದೆ? ನೆಪ್ಪೈತಾ? ನಿಮ್ಮವ್ವಂಗೆ ವಸಿ ಹುಷಾರಿಲ್ಲ, ಕೆಲ್ಸ ಆದ್ಮೇಲೆ ಬಂದ್ಬುಡು ಅಂದೆ. ವಸಿ ಹುಷಾರಿಲ್ಲ! ಅವ್ವಂಗೆ ತಿಂಗ್ಳಿಗೆ ನಾಲ್ಕು ಸಲ ಹುಷಾರಿರ್ತಿರ್ಲಿಲ್ಲ. ಗಾಡಿ ಆದ್ಮೇಲೆ ಮಾತ್ರೆ ತಗಂಡ್ ಹೋಗಾನ ಅಂತ ಕುಂತಿದ್ದೆ ನಾನು. ಆಮೇಲೆ ಫೋನೂ ಚಾರ್ಜ್ ಹೋಯ್ತು."

"ದಾರೀಲಿರೋನ್ಗೆ ಅದ್ನ ಹೆಂಗ್ಲಾ ಹೇಳೋದು? ಗಾಡಿ ಓಡಿಸ್ಕಂಡ್ ಬರೋನು, ಎಲ್ಲಿಗಾದ್ರೂ ಗುದ್ದುದ್ರೆ? ಯಾರೂ ಹೇಳಾಕಿಲ್ಲ ಹಂಗೆ. ಊರೋರೆಲ್ಲ ಹುಷಾರಿಲ್ಲ ಅಂತಾನೇ ಹೇಳೋದು. ಕೇಳ್ದೋರು ತಿಳ್ಕಂಡು ಬರ್ಬೇಕು."

"ನಾನು ತಿಳ್ಕಳ್ಳಿಲ್ಲ!" ಬೀರೇಶನ ದನಿ ಒಡೆಯಿತು. "ನಂಗೆ ತಿಳೀಲಿಲ್ಲ ಕಣಪ್ಪಾ. ನಾನು ದಡ್ಡ. ನೀನು ಬಾಯ್ಬುಟ್ಟು ಹೇಳಿದ್ರೆ ಗಾಡಿ ಅಲ್ಲೇ ಬಿಸಾಕಿ, ಯಾವ್ದಾದ್ರೂ ಬಸ್ಸು ಹತ್ಕಂಡ್ ಬತ್ತಿದ್ದೆ. ಬಸ್ಸು ಸಿಗ್ದಿದ್ರೆ ಓಡ್ಬತ್ತಿದ್ದೆ. ನೀನು ಹೇಳ್ಲಿಲ್ಲ. ಇವತ್ತಿನವರ್ಗೂ ನೀನು ನಂಗೆ ಹೇಳಿಲ್ಲ."

ಅದು ನಿಜವೆಂದು ಜವರಣ್ಣನಿಗೆ ಹೊಳೆದದ್ದು ಆಗಲೇ. ಆ ಸಂಜೆ ಮಗ ಗೇಟಿನೊಳಗೆ ಕಾಲಿಟ್ಟಾಗ ಜನ ಸುತ್ತುಗಟ್ಟಿ ಎಲ್ಲ ಹೇಳಿದ್ದರು. ತಾನು ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದ.

"ಹೇಳು," ಎಂದ ಬೀರೇಶ. "ಈಗ್ಲಾದ್ರೂ ಹೇಳು."

ಅಂಗಿ ಹಿಡಿದಿದ್ದ ಕೈಯನ್ನು ಜವರಣ್ಣ ಬಿಡಿಸಿಕೊಳ್ಳಲಿಲ್ಲ.

"ಸತ್ತೋದ್ಲು ಕಣ್ಲಾ ಬೀರ," ಎಂದ. "ನಿಮ್ಮವ್ವ ಸತ್ತೋದ್ಲು. ಹತ್ತು ಗಂಟೆಗೆ. ಬಚ್ಚಲೊಲೆಗೆ ಸೌದೆ ತಳ್ತಾ ಕುಂತಿದ್ಲು. ಒಲೆ ಹೊಗೆ ಆಡ್ತಾ ಐತೆ, ಊದೇ ಅಂತ ನಾನು ಈಚೆಯಿಂದ ಬೈದೆ. ಊದ್ಲಿಲ್ಲ. ಕಿವಿ ಕೇಳಾಕಿಲ್ವೇನೇ ಅಂತ ಇನ್ನೊಂದ್ಸಲ ಬೈದೆ. ಹೋಗಿ ನೋಡುದ್ರೆ ಗೋಡೆಗೆ ಒರಕ್ಕಂಡಿದ್ಲು."

ಬೀರೇಶ ಅಪ್ಪನ ಅಂಗಿ ಬಿಟ್ಟು ಕಾಂಕ್ರೀಟಿನ ಮೇಲೆ ಕುಕ್ಕರಿಸಿದ. "ನನ್ನ ಕೇಳುದ್ಲಾ?" ಎಂದ.

ಹೌದು ಎನ್ನಬಹುದಿತ್ತು. ಯಾರಾದರೂ ಹಾಗೇ ಹೇಳುತ್ತಿದ್ದರು.

"ಇಲ್ಲ ಕಣಪ್ಪ," ಎಂದ ಜವರಣ್ಣ. "ಯಾರ್ನೂ ಕೇಳ್ಲಿಲ್ಲ. ಅಷ್ಟು ಟೇಮೇ ಸಿಗ್ಲಿಲ್ಲ ಅವಳ್ಗೆ."

ಸಪ್ಪಳ ಕೇಳಿ ಓಡಿ ಬಂದಿದ್ದ ನಂದಿತಾ ಗೇಟಿನ ಹೊರಗೇ ನಿಂತಿದ್ದಳು. ವಾಲಿದ ಪಿಕಪ್ಪನ್ನೂ ನೆಲದಲ್ಲಿ ಬಾಯಿ ಬಿಟ್ಟ ಕತ್ತಲನ್ನೂ ಕಂಡಿದ್ದಳು, ಗಂಡನ ಮೈಯೆಲ್ಲ ನೋಡಿ ಗಾಯವಿಲ್ಲವೆಂದು ಕಣ್ಣಲ್ಲೇ ಎಣಿಸಿಕೊಂಡಿದ್ದಳು. ಅತ್ತೆ ಸತ್ತ ದಿನ ಅವಳೂ ಗಂಡನಿಗೆ ಫೋನು ಮಾಡಿದ್ದಳು, ಬೇಗ ಬನ್ನಿ ಎಂದಷ್ಟೇ ಹೇಳಿ ಇಟ್ಟಿದ್ದಳು. ಹಿಂದಿನಿಂದ ಗಿಡ್ಡಯ್ಯನೂ ಇನ್ನಿಬ್ಬರೂ ಬಿರಬಿರನೆ ಬರುತ್ತಿದ್ದರು.

"ಏನಾಯ್ತಮ್ಮಿ? ಏನ್ ಬಿತ್ತು? ಯಾರಿಗಾದ್ರೂ ಏಟಾಯ್ತಾ?" ಎನ್ನುತ್ತ ಗಿಡ್ಡಯ್ಯ ಗೇಟಿಗೆ ಕೈ ಹಾಕಿದ.

"ಯಾರಿಗೂ ಏನೂ ಆಗಿಲ್ಲ," ಎಂದಳು ನಂದಿತಾ. ಒಳಗೆ ಬೀರೇಶ ಮತ್ತೆ ಏನೋ ಕೇಳುತ್ತಿದ್ದ. ಜವರಣ್ಣ ಅವನ ಪಕ್ಕ ಒಂದು ಕೈಯೂರಿ ನಿಧಾನಕ್ಕೆ ಕೂರುತ್ತ, ಉತ್ತರ ಹೇಳುತ್ತಿದ್ದ.

"ಮತ್ತೆ ಒಳಗೋಗಾನ ಬಾ, ನೋಡಾನ," ಎಂದ ಗಿಡ್ಡಯ್ಯ.

"ಬ್ಯಾಡ ನಿಂತ್ಕಳಿ," ಎಂದು ಅವಳು ಗೇಟನ್ನು ಹೊರಗಿನಿಂದ ಎಳೆದುಕೊಂಡಳು. ಖಾಲಿ ಕ್ಯಾನನ್ನು ಕೆಳಗಿಟ್ಟು, ಗೇಟಿಗೆ ಬೆನ್ನು ಕೊಟ್ಟು, ದಾರಿಯಲ್ಲೇ ಕೂತುಬಿಟ್ಟಳು.